ಸತ್ಯಾಂಶ: ಅಲನ್ ಪೇಜ್ ಯಾವ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ?

‘ಫುಟ್‌ಬಾಲ್ ಬಿಟ್ಟ ಮೇಲೆ ಕಾನೂನು ಓದಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಅಲನ್ ಪೇಜ್’ ಎಂಬ ಫಾರ್ವರ್ಡ್ ಅರ್ಧ ಮಾತ್ರ ಸರಿ. ಪೇಜ್ ಇದ್ದದ್ದು ಮಿನ್ನೆಸೋಟ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ. ಅಲ್ಲಿನ ಬಹುತೇಕ ರಾಜ್ಯಗಳ ಅತ್ಯುನ್ನತ ನ್ಯಾಯಾಲಯಕ್ಕೂ ಅದೇ ಹೆಸರು. ಗೊಂದಲ ಹುಟ್ಟುವುದೇ ಇಲ್ಲಿ. ವಾಷಿಂಗ್ಟನ್‌ನ ಅಮೆರಿಕ ಸುಪ್ರೀಂ ಕೋರ್ಟಿನಲ್ಲಿದ್ದ ಫುಟ್‌ಬಾಲ್ ಆಟಗಾರ ಬೈರನ್ ವೈಟ್ (1962–93), ಬೇರೆಯೇ ವ್ಯಕ್ತಿ.

ಓದಿದ್ದೂ ಆಟ ಬಿಟ್ಟ ಮೇಲಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆನ್ಸಿವ್ ಟ್ಯಾಕಲ್ (ರಕ್ಷಣಾ ಸಾಲಿನ ಆಟಗಾರ) ಆಗಿದ್ದ ಪೇಜ್ 1971ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು (ಡಿಫೆನ್ಸ್‌ನವರಿಗೆ ಎಪಿ ಸುದ್ದಿಸಂಸ್ಥೆಯ ಈ ಗೌರವ ಅದೇ ಮೊದಲು). ಆಡುತ್ತಲೇ 1978ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಕಾನೂನು ಪದವಿ ಪಡೆದರು. ಆಟ ನಿಲ್ಲಿಸಿದ್ದು 1981ರ ಋತುವಿನ ನಂತರ.

ಪೀಠ ನೇಮಕದಿಂದ ಬಂದದ್ದೂ ಅಲ್ಲ. 1992ರ ಚುನಾವಣೆಯಲ್ಲಿ ಗೆದ್ದರು. ಆ ಚುನಾವಣೆ ನಡೆಯಲೇಬೇಕೆಂದು ಮೊದಲು ಕೋರ್ಟಿಗೇ ಹೋಗಬೇಕಾಯಿತು! 2015ರಲ್ಲಿ 70 ತುಂಬಿತು. ರಾಜ್ಯದ ಕಡ್ಡಾಯ ನಿವೃತ್ತಿ ವಯಸ್ಸು ಅದೇ.