ಮಾರಿಕೊಂಡವರ ಹಾಡು, ಕೊಂಡವರ ಸಿಟ್ಟು

ದುಡ್ಡು ಕೊಟ್ಟು ಸಿ.ಡಿ. ಕೊಂಡು, ಮನೆಗೆ ತಂದು, ಪ್ಲಾಸ್ಟಿಕ್ ಕಿತ್ತು, ಎರಡು ಸಲ ಕುಣಿದು, ಆಮೇಲೆ 'ಛೇ, ಇವರು ಮಾರಿಕೊಂಡುಬಿಟ್ಟರು' ಅಂತ ಮೂಗು ಮುರಿಯುವ ಜನ ಇದ್ದಾರೆ. ತೊಂಬತ್ತರ ದಶಕದ ಅಮೆರಿಕದಲ್ಲಿ, ಪಂಕ್ ಅನ್ನೋ ಒರಟು, ವೇಗದ ರಾಕ್ ಸಂಗೀತದ ಸುತ್ತ, ಇವರ ಸಂತತಿ ಸ್ವಲ್ಪ ಜಾಸ್ತಿಯೇ ಆಗಿತ್ತು. ಮಾರಿದವನು ಪಾಪಿ. ಕೊಂಡವನು? ಕಲಾರಸಿಕ.

ಪಂಕ್‌ನವರ ಮಡಿ-ಮೈಲಿಗೆ ಲೆಕ್ಕ ಬಲು ಕಟ್ಟುನಿಟ್ಟು. ಗ್ಯಾರೇಜಿನಲ್ಲಿ ನುಡಿಸಿದರೆ ಮಡಿ. ವ್ಯಾನಿನಲ್ಲಿ ಹಸಿದು ಮಲಗಿದರೆ ಇನ್ನೂ ಮಡಿ. ದೊಡ್ಡ ರೆಕಾರ್ಡ್ ಕಂಪನಿಯ ಚೆಕ್ ಮುಟ್ಟಿದಿರೋ, ಮುಗೀತು ಕಥೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 924 ಗಿಲ್ಮನ್ ಎಂಬ ಪಂಕ್ ಕ್ಲಬ್ ಇದೆ. ಅಲ್ಲೇ ನುಡಿಸಿ ಬೆಳೆದ ಗ್ರೀನ್ ಡೇ ಬ್ಯಾಂಡ್ ದೊಡ್ಡ ಕಂಪನಿಗೆ ಸಹಿ ಹಾಕಿದ್ದೇ ತಡ, ಅವರಿಗೆ ಆ ವೇದಿಕೆ ಬಂದ್. ಮತ್ತೆ ಅಲ್ಲಿ ಗಿಟಾರ್ ಹಿಡಿದದ್ದು 2015ರಲ್ಲಿ. ಬಹಿಷ್ಕಾರ ಅಂದರೆ ಹೀಗಿರಬೇಕು ನೋಡಿ.

ಇಂಥ ಕಾಲದಲ್ಲಿ, 1996ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಹಂಟಿಂಗ್‌ಟನ್ ಬೀಚ್‌ನ ರೀಲ್ ಬಿಗ್ ಫಿಶ್ ಎಂಬ ಸ್ಕಾ-ಪಂಕ್ ಬ್ಯಾಂಡ್ ಒಂದು ಆಲ್ಬಂ ತಂದಿತು. ಹೆಸರು 'ಟರ್ನ್ ದಿ ರೇಡಿಯೊ ಆಫ್'. ಮೊದಲ ಹಾಡೇ 'ಸೆಲ್ ಔಟ್', ಅಂದರೆ ಮಾರಿಕೊಳ್ಳುವುದು. ಬಯ್ಯುವವರು ಬಾಯಿ ತೆರೆಯುವ ಮೊದಲೇ ಇವರು ತಮ್ಮನ್ನು ತಾವೇ ಬಯ್ದುಕೊಂಡರು. ಬರ್ಗರ್ ಅಂಗಡಿಯಲ್ಲಿ ಪೆದ್ದು ಟೋಪಿ ಹಾಕಿಕೊಂಡು ದುಡಿದು ಸಾಕಾದ ಹುಡುಗ ಕಂಪನಿಯ ಕಾಗದಕ್ಕೆ ಸಹಿ ಹಾಕುತ್ತಾನೆ. ಅದರಲ್ಲಿ ಏನು ಬರೆದಿತ್ತು ಅಂತ ಅವನಿಗೇ ನೆನಪಿಲ್ಲ. ಕಂಪನಿ ರಾಶಿ ದುಡ್ಡು ಕೊಡುತ್ತದಂತೆ, ಎಲ್ಲ ಸರಿಹೋಗುತ್ತದಂತೆ. ಜೊತೆಗೆ ನೀವೂ ಬನ್ನಿ, ಒಟ್ಟಿಗೇ ಮಾರಿಕೊಳ್ಳೋಣ ಅಂತ ಆಹ್ವಾನ ಬೇರೆ!

ರೇಡಿಯೊ ಆಫ್ ಮಾಡಿ ಅಂದ ಆಲ್ಬಂನ ಈ ಹಾಡನ್ನು 1997ರಲ್ಲಿ ರೇಡಿಯೊದವರೇ ಹಾಕಿ ಹಾಕಿ ಬಿಲ್‌ಬೋರ್ಡ್ ಪತ್ರಿಕೆಯ ಮಾಡರ್ನ್ ರಾಕ್ ಜನಪ್ರಿಯತೆ ಪಟ್ಟಿಯಲ್ಲಿ ಹತ್ತರೊಳಗೆ ಕೂರಿಸಿದರು. ಕಂಪನಿ ನಿಮಗೆ ಏನು ಕೇಳಿಸಬೇಕು ಅಂದುಕೊಳ್ಳುತ್ತದೋ ರೇಡಿಯೊ ಅದನ್ನೇ ಹಾಕುತ್ತದೆ ಅನ್ನೋ ದೂರೂ ಇದೇ ಹಾಡಿನಲ್ಲಿದೆ. ಆ ದೂರನ್ನೂ ರೇಡಿಯೊ ಶ್ರದ್ಧೆಯಿಂದ ಹಾಕಿತು. ಮುಂದೆ ಫಿಫಾ 2000 ವಿಡಿಯೊ ಗೇಮಿಗೂ ಹಾಡು ಹೋಯಿತು. ಮಾರಾಟದ ವಿರುದ್ಧದ ಹಾಡು ಇಷ್ಟು ಚೆನ್ನಾಗಿ ಮಾರಾಟವಾದರೆ ಯಾರು ತಾನೇ ಏನು ಮಾಡಲಿಕ್ಕಾಗುತ್ತದೆ?

ಆಲ್ಬಂ ನಿಜವಾಗಿ ಚೆನ್ನಾಗಿದೆ, ಅದೇ ಮಡಿವಂತರಿಗೆ ಕಷ್ಟ. ಇವರು ಪಂಕ್‌ಗೆ ಬೆರೆಸಿದ ಸ್ಕಾ ಅನ್ನೋ ಕುಣಿತದ ಸಂಗೀತ ಹುಟ್ಟಿದ್ದು ಜಮೈಕಾದಲ್ಲಿ, ಐವತ್ತರ ದಶಕದ ಕೊನೆಗೆ. ಅದರ ಗಿಟಾರ್ ತಾಳದ ಮೇಲೆ ಕೂರುವುದಿಲ್ಲ, ತಾಳಗಳ ನಡುವೆ ನುಗ್ಗುತ್ತದೆ. ತಂತಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ತಕ್ಷಣ ಬೆರಳಿನಿಂದ ಸದ್ದಡಗಿಸುತ್ತಾರೆ. 'ಚಕ್' ಅಂತ ಒಂದು ತುಣುಕು ಸದ್ದು. ಇದಕ್ಕೆ ಪಂಕ್‌ನ ಓಟ, ಎರಡು ಟ್ರಂಪೆಟ್, ಎರಡು ಟ್ರಾಂಬೋನ್ ಸೇರಿಸಿ. ದಿಬ್ಬಣದ ಬ್ಯಾಂಡ್‌ಸೆಟ್‌ನವರಿಗೆ ಬಸ್ಸು ತಪ್ಪುವ ಹೊತ್ತಾದಂತೆ ಕೇಳಿಸುತ್ತದೆ. ಮೇಲೆ ಹಾಡುಗಾರ ಆರನ್ ಬ್ಯಾರೆಟ್ ಗೊಣಗಾಟ. ಹುಡುಗಿ ಕೈಕೊಟ್ಟಳು, ಎಲ್ಲ ಬೇಜಾರು, ಬಿಯರ್ ಇದೆ. ಮಾತು ಅಳುತ್ತದೆ, ಟ್ರಂಪೆಟ್ ಕುಣಿಯುತ್ತದೆ. ನಾನಂತೂ ಕುಣಿಯುವವರ ಕಡೆ.

ಇನ್ನು ಆ 'ರಾಶಿ ದುಡ್ಡು'. ಬ್ಯಾಂಡಿನಲ್ಲಿ ಆಗ ಏಳು ಜನ. ಅಮೆರಿಕದ ಕಂಪನಿಗಳು ಮುಂಗಡ ಕೊಡುತ್ತವೆ, ನಿಜ. ಆದರೆ ಸಾಮಾನ್ಯವಾಗಿ ಅದು ಬ್ಯಾಂಡಿನ ಲೆಕ್ಕದಲ್ಲಿ ಸಾಲ. ಸ್ಟುಡಿಯೊ ಖರ್ಚು, ವಿಡಿಯೊ ಖರ್ಚಿನ ಪಾಲು ಎಲ್ಲ ರಾಯಲ್ಟಿಯಲ್ಲಿ ಮುರಿದುಕೊಂಡ ಮೇಲೆ ಏನಾದರೂ ಉಳಿದರೆ ಅದನ್ನು ಏಳು ಪಾಲು ಮಾಡಬೇಕು. ಟ್ರಾಂಬೋನ್ ಊದುವವನು ಆತ್ಮ ಮಾರಿಕೊಂಡ ಅಂತ ಕೂಗುವವರು, ಅವನಿಗೆ ರೇಟು ಎಷ್ಟು ಬಿತ್ತು ಅಂತ ಒಂದು ಸಲವಾದರೂ ಕೇಳಬಾರದೇ? ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ ಅನ್ನೋ ಗಾದೆ ಅಭಿಮಾನಿಗಳಿಗೂ ಒಪ್ಪುತ್ತದೆ. ಬ್ಯಾಂಡ್ ಪ್ರವಾಸ ಬರಬೇಕು, ಹೊಸ ಆಲ್ಬಂ ಬೇಕು, ಆದರೆ ಹುಡುಗರು ಬರ್ಗರ್ ಅಂಗಡಿಯ ಕೆಲಸ ಬಿಡಬಾರದು.

ಅಸಲಿ ಮಾರಾಟ ನಡೆದದ್ದು ಮೇಲಿನ ಮಹಡಿಯಲ್ಲಿ. ಬ್ಯಾಂಡನ್ನು ಕೊಂಡ ಮೋಜೋ ರೆಕಾರ್ಡ್ಸ್ ಕಂಪನಿಯನ್ನು 2001ರಲ್ಲಿ ಜೋಂಬಾ ಎಂಬ ಇನ್ನೊಂದು ಸಂಗೀತ ಕಂಪನಿ ಕೊಂಡಿತು. ಜೋಂಬಾವನ್ನು 2002ರಲ್ಲಿ ಅದಕ್ಕಿಂತ ದೊಡ್ಡ ಬಿಎಂಜಿ ಕಂಪನಿ ಕೊಂಡಿತು. 2004ರಲ್ಲಿ ಬಿಎಂಜಿ ಸೋನಿಯ ಜೊತೆ ಸೇರಿಕೊಂಡಿತು. ಮೀನನ್ನು ನುಂಗಿದ ಮೀನನ್ನು ಮೀನು ನುಂಗಿತು. ಇಷ್ಟೊಂದು ಸಹಿ ಬಿದ್ದರೂ ಯಾವ ಪಂಕ್ ಹುಡುಗನೂ ಬಿಎಂಜಿ ಬಾಗಿಲಲ್ಲಿ ನಿಂತು 'ನೀವು ಮಾರಿಕೊಂಡಿರಿ' ಅಂತ ಕೂಗಿದ ಸುದ್ದಿ ನಾನು ಕೇಳಿಲ್ಲ.

2006ರಲ್ಲಿ ಬ್ಯಾಂಡ್ ಈ ಕಂಪನಿ ಸಂಸಾರದಿಂದ ಹೊರಬಿತ್ತು. ಅದೇ ವರ್ಷ ಕಂಪನಿ ಹಳೇ ಹಾಡುಗಳನ್ನು ಕಲೆಹಾಕಿ 'ಗ್ರೇಟೆಸ್ಟ್ ಹಿಟ್... ಆ್ಯಂಡ್ ಮೋರ್' ಅಂತ ಇನ್ನೊಂದು ಸಿ.ಡಿ. ಅಂಗಡಿಗೆ ಕಳಿಸಿತು. ಹಿಟ್ ಒಂದೇ ಅಂತ ಕವರ್ ಮೇಲೇ ಒಪ್ಪಿಕೊಂಡು ಮಾರಿದ ಅಪರೂಪದ ವ್ಯಾಪಾರಸ್ಥರು. ಆ ಒಂದು ಯಾವುದು ಅಂತ ಕಂಪನಿಯನ್ನು ಯಾರೂ ಕೇಳಲಿಲ್ಲ, ದುಡ್ಡು ಎಣಿಸಿ ಕೊಟ್ಟು ಬಂದರು.