ಕೈಯೆತ್ತದವರೆಲ್ಲ ಬೇಡವೆಂದವರು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗಣಿತವನ್ನು ನಮ್ಮ ಶಾಲೆಗಳಲ್ಲಿ ಕಲಿಸದಿರುವುದು ದೊಡ್ಡ ಲೋಪ. ಸರ್ಕಾರಿ ನೌಕರರು ಸಂಘದ ಮೂಲಕ ಸಂಬಳದ ಮಾತುಕತೆ ನಡೆಸುವ ಹಕ್ಕನ್ನು 1959ರಲ್ಲಿ ದೇಶದಲ್ಲೇ ಮೊದಲು ಕೊಟ್ಟ ಆ ರಾಜ್ಯ, 2011ರಲ್ಲಿ ಅದರ ಬಹುಪಾಲನ್ನು ಕಿತ್ತುಕೊಂಡಿತು. ಗವರ್ನರ್ ಸ್ಕಾಟ್ ವಾಕರ್ ತಂದ ಮಸೂದೆಯ ಹೆಸರು ‘ಬಜೆಟ್ ದುರಸ್ತಿ’. ಹಣಕಾಸಿನ ಮಸೂದೆಗೆ 33 ಸದಸ್ಯರ ಸೆನೆಟ್‌ನಲ್ಲಿ 20 ಮಂದಿಯ ಹಾಜರಿ ಬೇಕು. ಆಳುವ ಪಕ್ಷದಲ್ಲಿದ್ದವರು 19. ವಿರೋಧ ಪಕ್ಷದ 14 ಮಂದಿಯೂ ಗಡಿ ದಾಟಿ ಇಲಿನಾಯ್ ಸೇರಿಕೊಂಡರು. ಸುಮಾರು ಮೂರು ವಾರ ಕಾದ ಸರ್ಕಾರ, ಮಸೂದೆಯಿಂದ ಹಣ ಮಂಜೂರಾತಿಯ ಭಾಗಗಳನ್ನೇ ತೆಗೆದುಹಾಕಿ ಉಳಿದದ್ದನ್ನು ಅಂಗೀಕರಿಸಿತು. ಗಾಡಿಯನ್ನು ಗ್ಯಾರೇಜಿನ ಹೊರಗೇ ನಿಲ್ಲಿಸಿ ಡ್ರೈವರನ ಜೇಬು ದುರಸ್ತಿ ಮಾಡಿದ ಹಾಗಾಯಿತು.

ಸಂಘಗಳು ಇನ್ನು ಮೂಲವೇತನದ ಬಗ್ಗೆ ಮಾತ್ರ, ಅದೂ ಹಣದುಬ್ಬರದ ಗೆರೆ ದಾಟದಂತೆ, ಮಾತಾಡಬಹುದು. ಅಷ್ಟು ಮಾತಾಡಲಿಕ್ಕೂ ಪ್ರತಿವರ್ಷ ಚುನಾವಣೆ ಗೆಲ್ಲಬೇಕು. ಮತ ಹಾಕಿದವರ ಪೈಕಿಯಲ್ಲ, ಒಟ್ಟು ನೌಕರರ ಪೈಕಿ ಶೇ 51ರಷ್ಟು ಮತ ಬೀಳಬೇಕು. ನೂರು ಮಂದಿ ಶಿಕ್ಷಕರಲ್ಲಿ ಐವತ್ತು ಮಂದಿ ಬಂದು, ಐವತ್ತೂ ಮತ ಸಂಘಕ್ಕೇ ಬಿದ್ದರೆ ಸಂಘ ಸೋತಂತೆ. ಜ್ವರದಿಂದ ಮಲಗಿದ ಮೇಷ್ಟರೂ ಹೆರಿಗೆ ರಜೆಯಲ್ಲಿರುವ ಮೇಡಮ್ಮೂ ‘ಬೇಡ’ ಎಂದವರ ಲೆಕ್ಕಕ್ಕೇ ಸೇರುತ್ತಾರೆ. ಇದೇ ಮಗ್ಗಿಯನ್ನು ವಾಕರ್ ಅವರಿಗೂ ಹೇಳಿಸಿದ್ದರೆ, 2010ರಲ್ಲಿ ಸರಿಸುಮಾರು ಅರ್ಧದಷ್ಟು ಜನ ಮಾತ್ರ ಮತ ಹಾಕಿ, ಅದರಲ್ಲಿ ಶೇ 52ರಷ್ಟನ್ನು ಪಡೆದ ಅವರ ಕುರ್ಚಿ ಖಾಲಿಯೇ ಉಳಿಯಬೇಕಿತ್ತು. ಪೊಲೀಸರನ್ನೂ ಅಗ್ನಿಶಾಮಕ ದಳದವರನ್ನೂ ಈ ಗಣಿತದಿಂದ ಹೊರಗಿಟ್ಟರು. ಲಾಠಿ ಹಿಡಿದವರ ಮುಂದೆ ಲೆಕ್ಕ ಬಿಡಿಸಬಾರದೆಂಬ ವಿವೇಕ ಎಲ್ಲ ಸರ್ಕಾರಗಳಿಗೂ ಹುಟ್ಟಿನಿಂದಲೇ ಬಂದಿರುತ್ತದೆ.

2015ರಲ್ಲಿ ಖಾಸಗಿ ಕಾರ್ಮಿಕರಿಗೆ ‘ಕೆಲಸದ ಹಕ್ಕು’ ಬಂತು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತೆ, ಆ ಕಾಯ್ದೆ ಒಬ್ಬರಿಗೂ ಕೆಲಸ ಕೊಡುವುದಿಲ್ಲ. ಸಂಘಕ್ಕೆ ಶುಲ್ಕ ಕೊಡದಿರುವ ಹಕ್ಕನ್ನಷ್ಟೇ ಕೊಡುತ್ತದೆ. ಆದರೆ ಕಾಸು ಕೊಡದವನ ಪರವಾಗಿಯೂ ಸಂಘ ವಾದಿಸಲೇಬೇಕು, ಒಪ್ಪಂದದ ಲಾಭ ಅವನಿಗೂ ಸಲ್ಲಲೇಬೇಕು. ಗಣಪತಿ ಚಂದಾದ ರಸೀದಿ ಪುಸ್ತಕ ಕಂಡೊಡನೆ ಬಾಗಿಲು ಹಾಕಿಕೊಂಡು, ಪ್ರಸಾದದ ಸಾಲಿನಲ್ಲಿ ಎರಡು ದೊನ್ನೆ ಹಿಡಿದು ಮೊದಲಿಗರಾಗಿ ನಿಲ್ಲುವ ನಮ್ಮ ಬೀದಿಯ ಹಿರಿಯರೊಬ್ಬರಿಗೆ ಈ ಸಂಗತಿಯನ್ನು ವಿವರಿಸಿದೆ. ಇಷ್ಟು ವರ್ಷ ತಾವು ಚಲಾಯಿಸುತ್ತಿದ್ದದ್ದು ಹಕ್ಕು ಎಂದು ತಿಳಿದು ಅವರಿಗೆ ಬಹಳ ಸಂತೋಷವಾಯಿತು. ಮೂರನೆಯ ದೊನ್ನೆ ಸಿಗುವುದೇ ಎಂದು ವಿಚಾರಿಸಿದರು.