ಊರು ತುಳಿದವರಿಗೆ ವಾಸದ ಪತ್ರ

2015ರ ಏಪ್ರಿಲ್ 9ರಂದು ಟೋಕಿಯೊದ ಶಿಂಜುಕು ವಾರ್ಡ್ ಕಚೇರಿಯಿಂದ ಹೊಸ ನಿವಾಸಿಯೊಬ್ಬರಿಗೆ ವಾಸಸ್ಥಳ ದೃಢೀಕರಣ ಪತ್ರ ಹೊರಬಿತ್ತು. ಹೆಸರು ಗಾಡ್ಜಿಲ್ಲಾ, ಜಪಾನಿ ಸಿನಿಮಾಗಳ ದೈತ್ಯ ಪ್ರಾಣಿ. ವಿಳಾಸ ಕಬುಕಿಚೊ 1-19-1. ಜನನ 1954ರ ಏಪ್ರಿಲ್ 9. ವಿಶೇಷ ನಿವಾಸಿ ಎಂದು ಪರಿಗಣಿಸಲು ಕಾರಣ: ಕಬುಕಿಚೊದ ಮನರಂಜನೆಗೆ ಉತ್ತೇಜನ ಕೊಡುವುದು, ಆ ಬಡಾವಣೆಯನ್ನು ಕಾಯುವುದು, ನಾಲ್ಕು ಜನ ಹೆಚ್ಚಿಗೆ ಬರುವಂತೆ ಮಾಡುವುದು. ಮೇಲಿಂದ ವಾರ್ಡಿನ ಪ್ರವಾಸೋದ್ಯಮ ರಾಯಭಾರಿ ಎಂಬ ಪದವಿ ಬೇರೆ. ಏಕಚಕ್ರನಗರದವರು ಬಕಾಸುರನಿಗೆ ಬಂಡಿ ತುಂಬ ಅನ್ನ ಕೊಟ್ಟರು, ಬಂಡಿ ಎಳೆದ ಕೋಣಗಳನ್ನು ಕೊಟ್ಟರು, ಬಂಡಿ ಹೊಡೆದುಕೊಂಡು ಹೋದವನನ್ನೂ ಕೊಟ್ಟರು. ರೇಷನ್ ಕಾರ್ಡ್ ಮಾಡಿಸಿಕೊಡುವ ಬುದ್ಧಿ ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಪತ್ರ ಸಿಕ್ಕ ಮೇಲೆ ಏಕವಚನದಲ್ಲಿ ಕರೆಯುವುದು ಮರ್ಯಾದೆಯಲ್ಲ. ಆದ್ದರಿಂದ ಇನ್ನು ಮುಂದೆ ಶ್ರೀಯುತ ಗಾಡ್ಜಿಲ್ಲಾ ಅವರು ಎನ್ನೋಣ. ಶ್ರೀಯುತರು ಪೂರ್ತಿಯಾಗಿ ಅಲ್ಲಿ ವಾಸವಿಲ್ಲ, ತಲೆ ಮಾತ್ರ ವಾಸವಿದೆ. ಅದು ನೆಲದಿಂದ 52 ಮೀಟರ್ ಎತ್ತರದಲ್ಲಿ, ತೊಹೊ ಸಿನಿಮಾ ಕಂಪನಿಯ ಕಟ್ಟಡದ ಮೇಲೆ, ಹೋಟೆಲ್ಲಿನ ತಾರಸಿಯಲ್ಲಿ ಕೂತಿದೆ. ಉಳಿದ ಮೈ ಎಲ್ಲಿದೆ ಎಂದು ಕಚೇರಿಯವರು ಕೇಳಲಿಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೊಗೆ ಯಾರದ್ದಾದರೂ ಅಷ್ಟೇ ತಾನೆ ಬೇಕಾಗುವುದು? ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಗಂಟೆಗೊಮ್ಮೆ ಗರ್ಜನೆ ಇರುತ್ತದೆ. ಸಂಗೀತಗಾರ ಅಕಿರಾ ಇಫುಕುಬೆ ರಾಳ ಸವರಿದ ಚರ್ಮದ ಕೈಗವಸಿನಿಂದ ಡಬಲ್ ಬೇಸ್ ವಾದ್ಯದ ತಂತಿಯನ್ನು ಉಜ್ಜಿ ಹುಟ್ಟಿಸಿದ ಸದ್ದು ಅದು. 1954ರಲ್ಲಿ ಮೊದಲ ಚಿತ್ರದಲ್ಲಿ ಅದನ್ನು ಕೇಳಿದವರು ಕುರ್ಚಿಯ ಕೈ ಹಿಡಿದುಕೊಂಡಿರಬೇಕು. ಈಗ ಕೇಳಿದವರು ಮೊಬೈಲ್ ಎತ್ತುತ್ತಾರೆ. ಎಂಟು ಗಂಟೆಯ ನಂತರ ಗರ್ಜನೆ ಬಂದ್. ಬಾರು, ಕ್ಲಬ್ಬುಗಳ ಕಬುಕಿಚೊ ಆಗಷ್ಟೇ ಕಣ್ಣು ಬಿಡುವ ಹೊತ್ತಿಗೆ ಕಾವಲುಗಾರರ ಡ್ಯೂಟಿ ಮುಗಿದಿರುತ್ತದೆ.

ವಾಸದ ಪತ್ರಕ್ಕೆ ಮೊದಲು ನಡತೆ ಪ್ರಮಾಣಪತ್ರ ಕೇಳಬಹುದಿತ್ತು. ಕೇಳಿದ್ದರೆ ಕಡತ ದಪ್ಪವಾಗುತ್ತಿತ್ತು. ಇಶಿರೊ ಹೋಂಡಾ ನಿರ್ದೇಶಿಸಿದ ಮೊದಲ ಚಿತ್ರದಲ್ಲೇ ಶ್ರೀಯುತರು ಟೋಕಿಯೊ ಕೊಲ್ಲಿಯಿಂದ ಎದ್ದು ಬಂದು ಗಿಂಜಾದ ಗಡಿಯಾರದ ಗೋಪುರ ಮುರಿದರು, ರೈಲಿನ ಬೋಗಿಯನ್ನು ಬಾಯಲ್ಲಿ ಕಚ್ಚಿದರು, ಸಂಸತ್ ಭವನವನ್ನು ದಾರಿಗೆ ಅಡ್ಡವೆಂಬಂತೆ ಕೆಡವಿಕೊಂಡು ಹೋದರು. 1984ರಲ್ಲಿ ನೇರವಾಗಿ ಶಿಂಜುಕುವಿನ ಗಗನಚುಂಬಿಗಳ ನಡುವೆಯೇ ದಾಂಧಲೆ. 1991ರ ಡಿಸೆಂಬರಿನಲ್ಲಂತೂ, ಅದೇ ಶಿಂಜುಕುವಿನಲ್ಲಿ ಕೆಂಜೊ ತಾಂಗೆ ವಿನ್ಯಾಸದ 243 ಮೀಟರಿನ ಮಹಾನಗರ ಸರ್ಕಾರದ ಕಟ್ಟಡ ಮುಗಿದು ಸುಮಾರು ಒಂದು ವರ್ಷವಾಗಿತ್ತು, ಅಷ್ಟರಲ್ಲಿ ಎದುರಾಳಿ ದೈತ್ಯ ಗಿಡೊರಾ ಜೊತೆ ಕುಸ್ತಿಗೆ ಬಿದ್ದು ಅದನ್ನೂ ನೆಲಸಮ ಮಾಡಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸರ್ಕಾರಿ ಆಸ್ತಿಗೆ ಹಾನಿ ಮಾಡಿದವರನ್ನು ಸರ್ಕಾರಿ ಕಚೇರಿಯೇ ಕರೆದು ಮೊಹರು ಒತ್ತಿಕೊಟ್ಟ ಉದಾಹರಣೆ ಬೇರೆ ಕಡೆ ಇಲ್ಲವೆಂದು ಎದೆ ತಟ್ಟಿ ಹೇಳಲಾರೆ, ಆದರೆ ಇಷ್ಟು ಎತ್ತರದವರಿಗೆ ಕೊಟ್ಟದ್ದು ಅಪರೂಪವೇ.

ಎತ್ತರದ ಮಾತು ಬಂತು. 1954ರಲ್ಲಿ ಶ್ರೀಯುತರು 50 ಮೀಟರ್. ಆಗ ಟೋಕಿಯೊದಲ್ಲಿ ಕಟ್ಟಡಗಳು 31 ಮೀಟರ್ ದಾಟಬಾರದೆಂಬ ನಿಯಮವಿತ್ತು, ಅಷ್ಟೆತ್ತರದ ರಾಕ್ಷಸ ಸಾಕಾಗಿತ್ತು. ನಿಯಮ ಸಡಿಲವಾಯಿತು, 1968ರಲ್ಲಿ 147 ಮೀಟರಿನ ಕಸುಮಿಗಸೆಕಿ ಕಟ್ಟಡ ಎದ್ದಿತು, ಶ್ರೀಯುತರು ಕಿಟಕಿಯಲ್ಲಿ ಇಣುಕುವ ಗತಿಗೆ ಬಂದರು. ಹಾಗಾಗಿ 1984ಕ್ಕೆ 80, 1991ಕ್ಕೆ 100, 2016ಕ್ಕೆ 118.5 ಮೀಟರ್. ಬಿಲ್ಡರುಗಳು ಮಹಡಿ ಏರಿಸಿದ ಹಾಗೆಲ್ಲ ಖಳನಾಯಕನಿಗೂ ಮಹಡಿ ಕಟ್ಟಿಸಬೇಕಾಯಿತು.

ಪಾಪ, ಗಿಡೊರಾಗೆ ಪತ್ರ ಸಿಗಲಿಲ್ಲ. ಮೂರು ತಲೆ, ಬಂಗಾರದ ಬಣ್ಣ, ಎರಡು ರೆಕ್ಕೆ. ರಾಯಭಾರಿಯಾಗಲು ಶ್ರೀಯುತರಿಗಿಂತ ಹೆಚ್ಚು ಯೋಗ್ಯತೆ. ಆದರೆ 1964ರಲ್ಲಿ ಮೊದಲ ಸಲ ಬಂದಾಗ ಉಲ್ಕೆಯೊಳಗೆ ಕೂತು ಆಕಾಶದಿಂದ ಬಂದದ್ದು, ಅಂದರೆ ಹೊರಗಿನ ಆಸಾಮಿ. ಹೊರಗಿನವರ ವಿಷಯದಲ್ಲಿ ಜಪಾನಿನ ವಾಸದ ಪತ್ರ ಬಹಳ ಕಟ್ಟುನಿಟ್ಟಾಗಿತ್ತು. 2012ರ ಜುಲೈವರೆಗೆ ವಿದೇಶಿಯರ ಹೆಸರನ್ನು ಆ ಪತ್ರದಲ್ಲಿ ಸೇರಿಸುತ್ತಲೇ ಇರಲಿಲ್ಲ. ಜಪಾನಿ ಹೆಂಗಸನ್ನು ಮದುವೆಯಾಗಿ, ಮಕ್ಕಳು ಮಾಡಿಕೊಂಡು, ವರ್ಷ ವರ್ಷ ತೆರಿಗೆ ಕಟ್ಟುತ್ತ ಬಂದ ಗಂಡ ಆ ಮನೆಯ ಪತ್ರದಲ್ಲಿ ಇಲ್ಲವೇ ಇಲ್ಲ. ಕಾಗದ ನೋಡಿದವರು ಹೆಂಡತಿ ಒಂಟಿಯಾಗಿ ಸಂಸಾರ ತೂಗಿಸುತ್ತಿದ್ದಾಳೆ ಎಂದುಕೊಳ್ಳಬೇಕು.

ಹಾಗೆಂದು ಕಚೇರಿಗಳ ಕೈ ಬಿಗಿ ಎನ್ನುವಂತಿಲ್ಲ. 2002ರಲ್ಲಿ ತಮಾ ನದಿಗೆ ದಾರಿ ತಪ್ಪಿ ಒಂದು ಸೀಲ್ ಪ್ರಾಣಿ ಬಂತು. ಜನ ಮುಗಿಬಿದ್ದು ನೋಡಿದರು, ತಮಾ-ಚಾನ್ ಎಂದು ಮುದ್ದಿನ ಹೆಸರಿಟ್ಟರು. 2003ರ ಫೆಬ್ರುವರಿಯಲ್ಲಿ ಯೊಕೊಹಾಮಾದ ನಿಶಿ ವಾರ್ಡ್ ಅದಕ್ಕೆ ಮನೆತನದ ಹೆಸರನ್ನೂ ಸೇರಿಸಿ ವಾಸದ ಪತ್ರ ಮಾಡಿಸಿ ಸೀಲಿಗೇ ಸೀಲು ಒತ್ತಿತು. ಅದೇ ವರ್ಷ ಸೈತಾಮಾ ಪ್ರಾಂತ್ಯದ ನೀಜಾ ನಗರ ಕಾರ್ಟೂನಿನ ಯಂತ್ರಬಾಲಕ ಆಸ್ಟ್ರೊ ಬಾಯ್‌ಗೂ ಒಂದು ಪತ್ರ ಕೊಟ್ಟಿತು. ಸೀಲಿಗೆ ಪತ್ರ ಸಿಕ್ಕಾಗ ಒಂದಷ್ಟು ವಿದೇಶಿಯರು ಸೀಲ್ ವೇಷ ಹಾಕಿಕೊಂಡು ಮೆರವಣಿಗೆ ಬಂದರು: ಮನುಷ್ಯರಾಗಿ ಕೇಳಿದರೆ ಸಿಗಲಿಲ್ಲ, ಹೀಗಾದರೂ ಕೊಡಿ! ಕಚೇರಿಯ ದೃಷ್ಟಿಯಲ್ಲಿ ವ್ಯತ್ಯಾಸ ಸ್ಪಷ್ಟ. ಸೀಲ್ ಪ್ರಾಣಿ ಪತ್ರ ತೆಗೆದುಕೊಂಡು ಬ್ಯಾಂಕ್ ಖಾತೆ ತೆರೆಯುವುದಿಲ್ಲ, ಬಾಡಿಗೆ ಮನೆ ಹುಡುಕುವುದಿಲ್ಲ, ಮಗುವಿಗೆ ಶಾಲೆ ಕೇಳುವುದಿಲ್ಲ. ಏನೂ ಕೇಳದವರಿಗೆ ಎಲ್ಲ ಕೊಡಬಹುದು. ಹತ್ತರಲ್ಲೊಬ್ಬರು ವಿದೇಶಿಯರೇ ಇರುವ ಶಿಂಜುಕುವಿನಲ್ಲಿ, ಕಾನೂನು ಬದಲಾಗಿ ಮೂರು ವರ್ಷ ಕೂಡ ತುಂಬುವ ಮೊದಲೇ ಶ್ರೀಯುತರ ಕೈಗೂ ಪತ್ರ ಬಂದದ್ದನ್ನು ನೋಡಿದರೆ ಅವರು ಸರದಿಯಲ್ಲಿ ನಿಂತೇ ಇರಲಿಲ್ಲ ಎನ್ನಬಹುದು.

ವಾರ್ಡಿನವರ ಕಥೆ ಇದಾಯಿತು. ಕೇಂದ್ರ ಸರ್ಕಾರ ಇನ್ನೂ ಮುಂದೆ. 2007ರ ಡಿಸೆಂಬರಿನಲ್ಲಿ ಮೇಲ್ಮನೆಯ ಸದಸ್ಯರೊಬ್ಬರು ಹಾರುವ ತಟ್ಟೆಗಳ ಬಗ್ಗೆ ಲಿಖಿತ ಪ್ರಶ್ನೆ ಕೇಳಿದರು. ಅಂಥವು ಇರುವುದನ್ನು ಖಚಿತಪಡಿಸಿಕೊಂಡಿಲ್ಲ ಎಂದು ಸಂಪುಟ ಗಂಭೀರವಾಗಿ ಉತ್ತರ ಕೊಟ್ಟಿತು. ಮುಖ್ಯ ಸಂಪುಟ ಕಾರ್ಯದರ್ಶಿ ನೊಬುತಾಕಾ ಮಚಿಮುರಾ, ನನ್ನ ಮಟ್ಟಿಗೆ ಅವು ಖಂಡಿತ ಇವೆ ಎಂದರು. ರಕ್ಷಣಾ ಸಚಿವ ಶಿಗೆರು ಇಶಿಬಾ ಸುಮ್ಮನಿರಬಹುದಿತ್ತು. ಅವರು ಕಾನೂನು ಪುಸ್ತಕ ಬಿಚ್ಚಿದರು. ಹಾರುವ ತಟ್ಟೆ ವಿದೇಶಿ ವಿಮಾನವಲ್ಲ, ಹಾಗಾಗಿ ವಾಯುಗಡಿ ಉಲ್ಲಂಘನೆಯ ಕಲಮು ಹೊಂದುವುದಿಲ್ಲ. ಅದರಲ್ಲಿದ್ದವರು ಇಳಿದು ಬಂದು ಭೂಮಿಯವರೇ, ಸ್ನೇಹದಿಂದಿರೋಣ ಎಂದರೆ ಅದು ಸಶಸ್ತ್ರ ದಾಳಿಯೂ ಅಲ್ಲ. ಗಾಡ್ಜಿಲ್ಲಾ ಬಂದರೆ? ಅದು ಪ್ರಕೃತಿ ವಿಕೋಪದ ಪೈಕಿ. ಆತ್ಮರಕ್ಷಣಾ ಪಡೆಯನ್ನು ವಿಪತ್ತು ಪರಿಹಾರದ ಲೆಕ್ಕದಲ್ಲಿ ಕಳಿಸಬೇಕು. ದೈತ್ಯ ಪತಂಗ ಮೋತ್ರಾ ಬಂದರೂ ಹೆಚ್ಚುಕಡಿಮೆ ಅದೇ. ತಮಾಷೆಗೆ ಹೇಳಿದ್ದಿರಬಹುದು ಎನ್ನುವಂತಿಲ್ಲ, ಏಕೆಂದರೆ 2016ರ ಗಾಡ್ಜಿಲ್ಲಾ ಚಿತ್ರದಲ್ಲಿ ಪ್ರಧಾನಿ ಯುದ್ಧಕಾಲದ ರಕ್ಷಣಾ ಕಾರ್ಯಾಚರಣೆಗೆ ಆದೇಶ ಹೊರಡಿಸಿದಾಗ ಇದೇ ಇಶಿಬಾ ಅವರು ಕಲಮು ತಪ್ಪಾಯಿತು, ವಿಪತ್ತು ಪರಿಹಾರವೇ ಸರಿ ಎಂದು ಬರೆದು ತಕರಾರು ತೆಗೆದರು. 2024ರ ಅಕ್ಟೋಬರಿನಲ್ಲಿ ಅವರೇ ಪ್ರಧಾನಿಯಾದರು. ಒಂದು ವರ್ಷ ಮಟ್ಟಿಗಾದರೂ ಜಪಾನ್ ಈ ವಿಷಯದಲ್ಲಿ ಪೂರ್ಣ ಸನ್ನದ್ಧವಾಗಿತ್ತು.

ಕಾನೂನಿನ ದೃಷ್ಟಿಯಿಂದ ಇಶಿಬಾ ಹೇಳಿದ್ದು ಸರಿಯಿದ್ದರೂ ಇರಬಹುದು. ಆದರೆ ಪ್ರಕೃತಿ ವಿಕೋಪ ಎಂಬ ಷರಾ ಬಿದ್ದ ಕೂಡಲೇ ಒಂದು ಉಪಕಾರವಾಗುತ್ತದೆ: ಯಾರೂ ತಪ್ಪಿತಸ್ಥರಲ್ಲ. ಭೂಕಂಪಕ್ಕೆ ಅಪ್ಪನಿಲ್ಲ, ಸುನಾಮಿಗೆ ತಾಯಿಯಿಲ್ಲ. ಶ್ರೀಯುತರಿಗೆ ಇಬ್ಬರೂ ಇದ್ದರು. 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಜಲಜನಕ ಬಾಂಬ್ ಸಿಡಿಸಿತು. ಐದಾರು ಮೆಗಾಟನ್ ಎಂದು ಲೆಕ್ಕ ಹಾಕಿದ್ದು 15 ಮೆಗಾಟನ್ ಆಯಿತು. ಅಪಾಯದ ವಲಯದ ಹೊರಗೇ ಬಲೆ ಬೀಸುತ್ತಿದ್ದ ಜಪಾನಿನ ಮೀನು ದೋಣಿ ‘ದೈಗೊ ಫುಕುರ್ಯು ಮಾರು’ ಮೇಲೆ, ಅದರಲ್ಲಿದ್ದ 23 ಜನರ ತಲೆಯ ಮೇಲೆ ಬಿಳಿ ಬೂದಿ ಸುರಿಯಿತು. ರೇಡಿಯೊ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ನವೆಂಬರ್ 3ರಂದು ಚಿತ್ರ ಬಿಡುಗಡೆಯಾಯಿತು. ಅದರಲ್ಲಿ ಕಡಲಡಿಯ ಪ್ರಾಣಿಯನ್ನು ಎಬ್ಬಿಸಿದ್ದು ಬಾಂಬಿನ ಪರೀಕ್ಷೆಯೇ ಎಂಬುದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ವಾರ್ಡ್ ಕಚೇರಿಯ ಜನ್ಮದಿನವನ್ನು ನಂಬಿದರೆ ಸ್ಫೋಟವಾಗಿ ನಲವತ್ತು ದಿನದೊಳಗೆ ಹೆರಿಗೆ. ಅಪ್ಪನ ಹೆಸರಿನ ಕಲಮಿನಲ್ಲಿ ಏನು ಬರೆಯಬೇಕೆಂದು ಯಾರಿಗೂ ಅನುಮಾನವಿರಬೇಕಾಗಿರಲಿಲ್ಲ.

ಅಪ್ಪ ಮಾತ್ರ ಜಾಣ. 1955ರ ಜನವರಿಯಲ್ಲಿ ಅಮೆರಿಕ 20 ಲಕ್ಷ ಡಾಲರ್ ಕೊಟ್ಟಿತು. ನಷ್ಟಭರ್ತಿ ಅಂತಲ್ಲ, ತಪ್ಪುಕಾಣಿಕೆ ಅಂತಲೂ ಅಲ್ಲ. ಕಾನೂನಿನ ಹೊಣೆಯ ಪ್ರಶ್ನೆ ಎತ್ತದೆ, ಅನುಗ್ರಹಪೂರ್ವಕವಾಗಿ! ಬೂದಿಯೂ ಅನುಗ್ರಹವೇ ಎಂದು ಸೇರಿಸಿದ್ದರೆ ವಾಕ್ಯ ಪೂರ್ತಿಯಾಗುತ್ತಿತ್ತು. ಇನ್ನು ಆ ದೋಣಿ: ತೊಳೆದು, ಹೆಸರು ಬದಲಿಸಿ, ಮೀನುಗಾರಿಕೆ ವಿದ್ಯಾರ್ಥಿಗಳ ತರಬೇತಿಗೆ ಬಳಸಿದರು. 1967ರಲ್ಲಿ ಗುಜರಿಗೆ ಹಾಕಿದರು. ಕೊನೆಗೆ ಟೋಕಿಯೊ ನಗರದ ಕಸ ಸುರಿಯುತ್ತಿದ್ದ ಯುಮೆನೊಶಿಮಾದಲ್ಲಿ ಬಿದ್ದುಕೊಂಡಿತ್ತು. ಜನ ಗದ್ದಲ ಮಾಡಿ ಉಳಿಸಿಕೊಂಡ ಮೇಲೆ 1976ರಲ್ಲಿ ಅಲ್ಲೇ ಅದಕ್ಕೊಂದು ಸೂರು ಕಟ್ಟಿದರು. ನಿಜವಾಗಿ ಬೂದಿ ಬಿದ್ದ ದೋಣಿಗೆ ಕಸದ ದಿಬ್ಬ, ಸುಳ್ಳು ರಬ್ಬರಿನ ರಾಕ್ಷಸನಿಗೆ ಕಬುಕಿಚೊದಂಥ ಆಯಕಟ್ಟಿನ ಜಾಗದಲ್ಲಿ ಎಂಟನೇ ಮಹಡಿ. ದೋಣಿ ಗಂಟೆಗೊಮ್ಮೆ ಗರ್ಜಿಸುವುದಿಲ್ಲವಲ್ಲ, ಪ್ರವಾಸಿಗರಿಗೆ ಏನು ತೋರಿಸುತ್ತೀರಿ?

ಈಗ ಎರಡು ಕಡತಗಳನ್ನೂ ಒಂದೇ ಮೇಜಿನ ಮೇಲೆ ಇಡಿ. ಕೇಂದ್ರದ ಪ್ರಕಾರ ಶ್ರೀಯುತರು ವಿಪತ್ತು. ವಾರ್ಡಿನ ಪ್ರಕಾರ ನಿವಾಸಿ. ವಿಪತ್ತು ಬಂದಾಗ ಪಡೆ ಕಳಿಸಿ ಎಂದು ಕೋರಬೇಕಾದವರು ಸಾಮಾನ್ಯವಾಗಿ ಗವರ್ನರು. ಟೋಕಿಯೊ ಗವರ್ನರರ ಕಚೇರಿ ಇರುವುದು ಶ್ರೀಯುತರು 1991ರಲ್ಲಿ ಉರುಳಿಸಿದ ಅದೇ ಕಟ್ಟಡದಲ್ಲಿ, ಕಬುಕಿಚೊದಿಂದ ನಡೆದು ಹೋಗುವಷ್ಟು ದೂರದಲ್ಲಿ. ಸರಿ, ಗವರ್ನರು ಹೇಗೋ ಹೊರಗೆ ಬಂದು ಕೋರಿಕೆ ಕಳಿಸಿದರು, ಪಡೆ ಬಂತು, ಗುಂಡು ಹಾರಿತು, ಗದ್ದಲದಲ್ಲಿ ತೊಹೊ ಕಟ್ಟಡಕ್ಕೂ ಪೆಟ್ಟು ಬಿತ್ತು ಎಂದಿಟ್ಟುಕೊಳ್ಳಿ. ಜಪಾನಿನಲ್ಲಿ ವಿಪತ್ತಿನಿಂದ ಮನೆ ಜಖಂ ಆದ ನಿವಾಸಿಗೆ ಸ್ಥಳೀಯ ಕಚೇರಿಯೇ ಸಂತ್ರಸ್ತ ಪ್ರಮಾಣಪತ್ರ ಕೊಡುತ್ತದೆ; ಪರಿಹಾರಕ್ಕೆ, ತೆರಿಗೆ ವಿನಾಯಿತಿಗೆ ಅದೇ ಆಧಾರ. ಶ್ರೀಯುತರ ಬಳಿ ವಿಳಾಸದ ಪುರಾವೆ ಇದೆ, ಜನ್ಮದಿನ ಇದೆ, ಜಖಂ ಆದ ಎಂಟನೇ ಮಹಡಿಯ ಫೋಟೊವೂ ಇದೆ. ಅರ್ಜಿಯಲ್ಲಿ ಒಂದೇ ಕಾಲಂ ಖಾಲಿ ಉಳಿದೀತು, ಹಾನಿಗೆ ಕಾರಣವೇನು ಎಂಬುದು. ಅಲ್ಲಿ ಸ್ವಂತ ಹೆಸರು ಬರೆದುಕೊಟ್ಟರೂ ಗುಮಾಸ್ತರು ತಲೆ ಎತ್ತಿ ನೋಡುವುದಿಲ್ಲ. ಎರಡು ಪ್ರತಿ ಜೆರಾಕ್ಸ್ ತಂದಿದ್ದೀರಾ ಎಂದು ಕೇಳುತ್ತಾರೆ, ಅಷ್ಟೆ.